ಡಿಸ್ಕ್ ಕೂರಿಸಿದ್ದು ಎರಡು ದಿನ, ಪೆಡಲ್ ಸರಿ ಮಾಡಿದ್ದು ಒಂದು ತಿಂಗಳು

ನನ್ನ ಹಳೆಯ ಫೋರ್ ಬೈ ಫೋರ್ ಜೀಪಿಗೆ ಬ್ರೇಕೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇತ್ತು, ಆದರೆ ಇವತ್ತು ಯಾವ ಕಡೆ ಎಳೆಯುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಎಡಕ್ಕೆ, ಮರುದಿನ ಬಲಕ್ಕೆ. ಹಳ್ಳ ದಾಟಿ ಆಚೆ ದಡ ಹತ್ತಿದ ಮೇಲೆ ಮೊದಲ ಎರಡು ಮೂರು ಸಲ ಪೆಡಲ್ ತುಳಿದರೆ ಗಾಡಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಇದ್ದದ್ದು ಡ್ರಮ್ ಬ್ರೇಕ್: ಚಕ್ರದ ಜತೆ ತಿರುಗುವ ಡಬ್ಬಿಯಂಥ ಡ್ರಮ್, ಅದರ ಒಳಗೋಡೆಗೆ ಒತ್ತುವ ಶೂ. ಡ್ರಮ್ ಒಳಗೆ ನೀರು, ಕೆಸರು ಸೇರಿಕೊಂಡು ಶೂ ಜಾರುತ್ತಿತ್ತು. ಉದ್ದನೆಯ ಇಳಿಜಾರಿನಲ್ಲಿ ಇನ್ನೊಂದು ಕಾಟ. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಹಿಗ್ಗಿದರೆ ಶೂನಿಂದ ದೂರ ಹೋಗುತ್ತದೆ, ಪೆಡಲ್ ಕೆಳಗೆ ಕೆಳಗೆ ಇಳಿಯುತ್ತದೆ. ತಿರುಗುವ ತಟ್ಟೆಯನ್ನು ಎರಡು ಕಡೆಯಿಂದ ಪ್ಯಾಡ್ ಹಿಡಿಯುವ ಡಿಸ್ಕ್ ಬ್ರೇಕಿನಲ್ಲಿ ಈ ತೊಂದರೆ ಇಲ್ಲ. ಅದು ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ.

ಮುಂದಿನ ಎರಡು ಚಕ್ರಕ್ಕೆ ಮಾತ್ರ ಡಿಸ್ಕ್ ಹಾಕೋಣ ಅಂದುಕೊಂಡೆ. ಬ್ರೇಕ್ ಒತ್ತಿದಾಗ ಗಾಡಿಯ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹೆಚ್ಚಿನ ಕೆಲಸ ಮಾಡುವುದೂ ಮುಂದಿನ ಬ್ರೇಕೇ. ಹಿಂದಿನ ಡ್ರಮ್ ಬಿಚ್ಚಿದರೆ ಹ್ಯಾಂಡ್ ಬ್ರೇಕಿಗೆ ಬೇರೆ ದಾರಿ ಹುಡುಕಬೇಕು. ಅದು ಸುಮ್ನೆ ತಲೆನೋವು. ಹಿಂದೆ ಡ್ರಮ್ ಹಾಗೇ ಇರಲಿ ಅಂತ ಬಿಟ್ಟೆ.

ಬಿಚ್ಚುವ ಕೆಲಸದಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಗಾಡಿಯನ್ನು ಜಾಕಿನ ಮೇಲಲ್ಲ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಡ್ರಮ್ ತೆಗೆದಾಗ ಕಾಣುವ ಕಪ್ಪು ಪುಡಿಯನ್ನು ಊದಬೇಡಿ, ಏರ್ ಗನ್ ಅಂತೂ ಬೇಡವೇ ಬೇಡ. ಶೂ ಮೇಲಿನ ಹಳೆಯ ಲೈನರುಗಳಲ್ಲಿ ಶ್ವಾಸಕೋಶಕ್ಕೆ ಕೆಟ್ಟದ್ದಾದ ಆಸ್ಬೆಸ್ಟಾಸ್ ಇರುತ್ತಿತ್ತು. ನಾನು ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಟ್ಟೆ. ಆಮೇಲೆ ಲಾಕಿಂಗ್ ಹಬ್, ಎರಡು ನಟ್ಟು, ನಡುವಿನ ಲಾಕ್ ವಾಷರ್, ಬೇರಿಂಗ್, ಚಕ್ರ ಕೂರುವ ಹಬ್, ಒಂದೊಂದಾಗಿ ಬಿಚ್ಚಿದೆ. ಬ್ರೇಕ್ ಪ್ಲೇಟನ್ನೂ, ಹಬ್ ಕೂತು ತಿರುಗುವ ಸ್ಪಿಂಡಲನ್ನೂ ಒಟ್ಟಿಗೆ ಹಿಡಿದಿರುವುದು ಆರು ಬೋಲ್ಟು. ಪ್ಲೇಟ್ ಇದ್ದ ಜಾಗದಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಬ್ರಾಕೆಟ್ ಕೂರುತ್ತದೆ, ಅದೇ ಆರು ಬೋಲ್ಟಿಗೆ.

ಕಾಟ ಕೊಟ್ಟದ್ದು ಹಬ್. ನನ್ನ ಗಾಡಿಯಲ್ಲಿ ಡ್ರಮ್ಮನ್ನು ಹಬ್ಬಿಗೆ ಹಿಡಿದಿರುವುದು ಚಕ್ರದ ನಟ್ಟು ಕೂರುವ ಸ್ಟಡ್ಡುಗಳೇ. ಅವುಗಳ ಕುತ್ತಿಗೆಯನ್ನು ಬಡಿದು ಅಗಲ ಮಾಡಿರುತ್ತಾರೆ. ಹಾಗೇ ಪ್ರೆಸ್ಸಿಗೆ ಕೊಟ್ಟು ಒತ್ತಿ ತೆಗೆದರೆ ಹಬ್ಬಿನ ತೂತು ಹಾಳಾಗುತ್ತದೆ. ಮೊದಲು ಆ ಅಗಲವನ್ನು ಕೆತ್ತಿ ತೆಗೆದು ಆಮೇಲೆ ಪ್ರೆಸ್ ಮಾಡಿದೆ. ಡಿಸ್ಕ್ ಹಬ್ಬಿನ ಹಿಂಬದಿಗೆ ಬರುವುದರಿಂದ ಉದ್ದದ ಹೊಸ ಸ್ಟಡ್ ಬೇಕಾಯಿತು. ಸ್ಪಿಂಡಲಿಗೆ ಹಾಕಿ, ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು 0.3 ಮಿಲಿಮೀಟರ್ ಓಲಾಡಿತು. 0.1 ದಾಟಿದರೆ ಪೆಡಲ್ ಕಾಲಿಗೆ ಬಡಿಯುತ್ತದೆ. ಹೊಸ ಡಿಸ್ಕೇ ಸೊಟ್ಟ ಅಂತ ಬೈದುಕೊಂಡೆ. ಬಿಚ್ಚಿ ನೋಡಿದರೆ ಹಬ್ಬಿನ ಮುಖದ ಮೇಲೆ ಉಗುರಿನಷ್ಟು ಅಗಲದ ತುಕ್ಕಿನ ಚಕ್ಕೆ. ಅಷ್ಟೇ! ಉಜ್ಜಿ, ಒರೆಸಿ ಮತ್ತೆ ಹಾಕಿದೆ, 0.07ಕ್ಕೆ ಇಳಿಯಿತು. ಬೇರಿಂಗ್ ಸಡಿಲ ಇದ್ದರೂ ಹೀಗೇ ಆಗುತ್ತದೆ. ಡ್ರಮ್ ಬ್ರೇಕ್ ಅದನ್ನು ಸಹಿಸಿಕೊಳ್ಳುತ್ತಿತ್ತು. ಡಿಸ್ಕ್ ಸಹಿಸುವುದಿಲ್ಲ. ಓಲಾಡುವ ಡಿಸ್ಕ್ ಪ್ಯಾಡನ್ನು ಹಿಂದಕ್ಕೆ ನೂಕಿಬಿಡುತ್ತದೆ, ಮುಂದಿನ ಸಲ ಪೆಡಲ್ ತುಳಿದಾಗ ಮೊದಲ ಅರ್ಧ ಖಾಲಿ.

ಎರಡನೇ ದಿನ ಸಂಜೆ ಕ್ಯಾಲಿಪರ್, ಪ್ಯಾಡ್, ಹೊಸ ಹೋಸ್ ಎಲ್ಲ ಕೂತವು. ಸ್ಟೀರಿಂಗನ್ನು ಆ ತುದಿಯಿಂದ ಈ ತುದಿವರೆಗೆ ತಿರುಗಿಸಿ, ಆಕ್ಸಲ್ ಪೂರ್ತಿ ಜೋತುಬಿದ್ದಾಗಲೂ ಹೋಸ್ ಎಳೆಯುವುದಿಲ್ಲ, ಟೈರಿಗೆ ತಾಗುವುದಿಲ್ಲ ಅಂತ ನೋಡಿಕೊಂಡೆ. ಮುಗಿಯಿತು ಅಂದುಕೊಂಡೆ. ನಿಜವಾದ ಕೆಲಸ ಶುರುವಾದದ್ದು ಅಲ್ಲಿಂದ.

ಬ್ರೇಕ್ ಲೈನಿನೊಳಗೆ ಸೇರಿದ ಏರ್ ತೆಗೆಯಲು ತಮ್ಮನನ್ನು ಸೀಟಿನಲ್ಲಿ ಕೂರಿಸಿದೆ. "ಒತ್ತು", "ಹಿಡ್ಕೋ", "ಬಿಡು". ಅರ್ಧ ಲೀಟರ್ ಬ್ರೇಕ್ ಆಯಿಲ್ ಹೋಯಿತು. ಪೈಪಿನಲ್ಲಿ ಒಂದು ಗುಳ್ಳೆಯೂ ಬರುತ್ತಿಲ್ಲ, ಪೆಡಲ್ ಮಾತ್ರ ಮೆತ್ತಗೆ.

"ಅಣ್ಣಾ, ಸ್ಪಂಜು ತುಳಿದ ಹಾಗಿದೆ."

"ನೀನು ಸರಿಯಾಗಿ ಒತ್ತುತ್ತಿಲ್ಲ."

"ಹಾಗಾದ್ರೆ ನೀನೇ ಬಾ ಇಲ್ಲಿ."

ಜಾಗ ಬದಲಾಯಿಸಿದೆವು. ಅವನು ಕೆಳಗೆ ಕೂತು ಕ್ಯಾಲಿಪರಿನಿಂದ ಗಾಳಿ ಹೊರಬಿಡುವ ನಿಪ್ಪಲ್ ತಿರುಗಿಸುವುದಕ್ಕೆ ಬಗ್ಗಿದ, ಇನ್ನೂ ಬಗ್ಗಿದ, ಆಮೇಲೆ ಕೇಳಿದ: "ಇದು ಇಷ್ಟು ಕೆಳಗೆ ಯಾಕಿದೆ?" ನನಗೆ ತಕ್ಷಣ ಹೊಳೆಯಿತು, ಜತೆಗೆ ನಾಚಿಕೆಯೂ ಆಯಿತು. ಎಡಗಡೆಯ ಕ್ಯಾಲಿಪರನ್ನು ಬಲಗಡೆಗೆ, ಬಲಗಡೆಯದನ್ನು ಎಡಗಡೆಗೆ ಹಾಕಿದ್ದೆ. ಬೋಲ್ಟಿನ ತೂತು ಎರಡಕ್ಕೂ ಒಂದೇ, ಆರಾಮಾಗಿ ಕೂತುಬಿಡುತ್ತವೆ. ಆದರೆ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲೆ ಸೇರುವುದು, ನಾವು ಕೆಳಗಿನಿಂದ ಆಯಿಲ್ ತೆಗೆಯುತ್ತಿದ್ದೆವು. ಇಡೀ ದಿನ ತೆಗೆದರೂ ಗಾಳಿ ಬರುತ್ತಿರಲಿಲ್ಲ. ಅದಲುಬದಲು ಮಾಡಿ, ನಿಪ್ಪಲ್ ಮೇಲಿರುವ ಹಾಗೆ ಹಾಕಿದ ಮೇಲೆ ಹತ್ತು ನಿಮಿಷದಲ್ಲಿ ಪೆಡಲ್ ಗಟ್ಟಿಯಾಯಿತು. ತಮ್ಮ ಇವತ್ತಿಗೂ ಇದನ್ನು ನಾಲ್ಕು ಜನರ ಎದುರು ಹೇಳುತ್ತಾನೆ.

ಮೊದಲ ಓಟ ಮೂರು ಕಿಲೋಮೀಟರ್. ವಾಪಸ್ ಬರುವಾಗ ಗಾಡಿ ಎತ್ತಿನಗಾಡಿಯ ಹಾಗೆ ಭಾರ. ಇಳಿದು ನೋಡಿದರೆ ಮುಂದಿನ ಚಕ್ರದ ಹತ್ತಿರ ಕೈ ಇಡಲಾಗದಷ್ಟು ಬಿಸಿ, ಸುಟ್ಟ ವಾಸನೆ. ಪೆಡಲ್ ಬಿಟ್ಟಿದ್ದರೂ ಪ್ಯಾಡ್ ಡಿಸ್ಕನ್ನು ಬಿಟ್ಟಿರಲಿಲ್ಲ. ಗಾಡಿ ಎತ್ತಿ ನಿಪ್ಪಲ್ ಸ್ವಲ್ಪ ಸಡಿಲಿಸಿದೆ. ಆಯಿಲ್ ಚಿರ್ ಅಂತ ಹಾರಿತು, ಚಕ್ರ ತಿರುಗಿತು. ಅಂದರೆ ಲೈನಿನೊಳಗೆ ಒತ್ತಡ ಉಳಿದುಕೊಂಡಿತ್ತು.

ಕಾರಣ ಹಳೆಯ ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆ ನೂಕುವ ಪಂಪು. ಡ್ರಮ್ಮಿಗೆಂದು ಮಾಡಿದ ಮಾಸ್ಟರಿನ ಬಾಯಲ್ಲಿ ಒಂದು ಚಿಕ್ಕ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸಿಕೊಳ್ಳುವುದು ಅದರ ಕೆಲಸ. ಡ್ರಮ್ಮಿನಲ್ಲಿ ಶೂವನ್ನು ಹಿಂದಕ್ಕೆ ಎಳೆಯುವ ಗಟ್ಟಿ ಸ್ಪ್ರಿಂಗ್ ಇದೆ, ಈ 10 ಪಿಎಸ್‌ಐ ಅದಕ್ಕೆ ಲೆಕ್ಕಕ್ಕೇ ಇಲ್ಲ. ಡಿಸ್ಕಿನಲ್ಲಿ ಸ್ಪ್ರಿಂಗೇ ಇಲ್ಲ. ಪ್ಯಾಡನ್ನು ಒತ್ತುವ ಪಿಸ್ಟನ್ನಿನ ರಬ್ಬರ್ ಸೀಲ್ ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಅಷ್ಟೇ. 10 ಪಿಎಸ್‌ಐ ಇದ್ದರೆ ಪ್ಯಾಡ್ ಉಜ್ಜುತ್ತಲೇ ಇರುತ್ತದೆ.

ಹಾಗಂತ ವಾಲ್ವ್ ಕಿತ್ತು ಬಿಸಾಡಿದರೆ ಮುಗಿಯಲಿಲ್ಲ. ನನ್ನ ಗಾಡಿಯ ಮಾಸ್ಟರ್ ಇರುವುದು ಕಾಲಡಿಯಲ್ಲಿ, ಕ್ಯಾಲಿಪರಿಗಿಂತ ತಗ್ಗಿನಲ್ಲಿ. ನಿಂತ ಗಾಡಿಯಲ್ಲಿ ಆಯಿಲ್ ಮೆಲ್ಲಗೆ ವಾಪಸ್ ಇಳಿದುಬರುತ್ತದೆ, ಬೆಳಿಗ್ಗೆ ಪೆಡಲ್ ಖಾಲಿ. ಅದಕ್ಕೆ ಮುಂದಿನ ಲೈನಿಗೆ 2 ಪಿಎಸ್‌ಐ ವಾಲ್ವ್, ಹಿಂದಿನ ಡ್ರಮ್ ಲೈನಿಗೆ 10ರದ್ದು, ಬೇರೆ ಬೇರೆ ಹಾಕಬೇಕಾಯಿತು. ಬೇರೆ ಬೇರೆ ಹಾಕಲು ಲೈನೇ ಎರಡಾಗಬೇಕು. ಹಳೆಯದರಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನ್. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಬ್ರೇಕ್ ಹೋದ ಹಾಗೆ. ಇಷ್ಟು ವರ್ಷ ಅದನ್ನೇ ನಂಬಿ ಓಡಿಸಿದ್ದೆ!

ಎರಡು ಲೈನಿನ ಮಾಸ್ಟರ್ ತರುವಾಗ ಇನ್ನೊಂದು ತಪ್ಪು. ದೊಡ್ಡದಿದ್ದರೆ ಒಳ್ಳೆಯದು ಅಂತ 1.125 ಇಂಚಿನ ಬೋರಿನದು (ಬೋರ್ ಅಂದರೆ ಸಿಲಿಂಡರಿನ ಒಳಗಿನ ಅಗಲ) ತಂದೆ. ಪೆಡಲ್ ಕಲ್ಲಾಯಿತು. ಎರಡೂ ಕಾಲು ಇಟ್ಟು ತುಳಿದರೂ ಗಾಡಿ ತನಗೆ ಬೇಕಾದಾಗ ನಿಲ್ಲುತ್ತಿತ್ತು. ಡಿಸ್ಕ್ ಹಾಕಿ ಬ್ರೇಕ್ ಕಮ್ಮಿಯಾಯಿತಲ್ಲ ಅಂತ ತಲೆ ಕೆಟ್ಟುಹೋಯಿತು.

ಇದಕ್ಕೆ ಎರಡು ಕಾರಣ ಸೇರಿಕೊಂಡಿತ್ತು. ಡ್ರಮ್ಮಿನಲ್ಲಿ ಕಾಲಿನ ಬಲದ ಜತೆ ಡ್ರಮ್ಮೂ ಕೈ ಜೋಡಿಸುತ್ತದೆ. ತಿರುಗುವ ಡ್ರಮ್ ಮುಂದಿನ ಶೂವನ್ನು ತನ್ನ ಜತೆ ಎಳೆದುಕೊಂಡು ಇನ್ನೂ ಬಿಗಿಯಾಗಿ ಒತ್ತಿಸಿಕೊಳ್ಳುತ್ತದೆ. ಡಿಸ್ಕಿನಲ್ಲಿ ಈ ಪುಕ್ಕಟೆ ಸಹಾಯ ಇಲ್ಲ. ಎಷ್ಟು ಒತ್ತುತ್ತೀರೋ ಅಷ್ಟೇ. ಇನ್ನೊಂದು, ಮಾಸ್ಟರಿನ ಬೋರ್ ದೊಡ್ಡದಾದಷ್ಟೂ ಅದೇ ಕಾಲಿಗೆ ಹುಟ್ಟುವ ಒತ್ತಡ ಕಮ್ಮಿ. 1 ಇಂಚಿನದು ಹಾಕಿದರೆ 1.125ಕ್ಕಿಂತ ಸುಮಾರು 27 ಶೇಕಡಾ ಜಾಸ್ತಿ ಒತ್ತಡ ಸಿಗುತ್ತದೆ. ಪೆಡಲ್ ಅಷ್ಟೇ ಜಾಸ್ತಿ ಆಳಕ್ಕೂ ಹೋಗುತ್ತದೆ. ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಹಾಕಬಹುದಿತ್ತು, ಆದರೆ ಕಾಲಡಿಯಲ್ಲಿ, ಕೆಸರು ಸಿಡಿಯುವ ಜಾಗದಲ್ಲಿ ಅದನ್ನು ನೇತುಹಾಕಲು ಮನಸ್ಸು ಬರಲಿಲ್ಲ. ಮತ್ತೆ ದುಡ್ಡು ಕೊಟ್ಟು 1 ಇಂಚಿನದು ತಂದೆ. ಈ ಸಲ ಗಾಡಿಗೆ ಹಾಕುವ ಮೊದಲೇ ವೈಸಿಗೆ ಕಚ್ಚಿಸಿ ಅದರ ಗಾಳಿ ತೆಗೆದೆ. ಪೆಡಲಿನಿಂದ ಬರುವ ಪುಶ್ ರಾಡಿಗೂ ಮಾಸ್ಟರಿನ ಪಿಸ್ಟನ್ನಿಗೂ ನಡುವೆ ಸುಮಾರು ಒಂದು ಮಿಲಿಮೀಟರ್ ಸಡಿಲ ಬಿಟ್ಟೆ. ಅದಿಲ್ಲದಿದ್ದರೆ ಆಯಿಲ್ ವಾಪಸ್ ಹೋಗುವ ತೂತು ಮುಚ್ಚಿಕೊಂಡು ಬ್ರೇಕ್ ಮತ್ತೆ ಹಿಡಿದುಕೊಳ್ಳುತ್ತದೆ.

ಪೆಡಲ್ ಈಗ ಚೆನ್ನಾಗಿ ಹಿಡಿಯಿತು, ಆದರೆ ಆಳ ಜಾಸ್ತಿ. ನಾಲ್ಕು ದಿನ ಮುಂದಿನ ಕ್ಯಾಲಿಪರುಗಳನ್ನೇ ಅನುಮಾನಿಸಿದೆ. ಕೊನೆಗೆ ನೋಡಿದರೆ ಹಿಂದಿನ ಡ್ರಮ್ಮಿನ ಶೂ ಸಡಿಲ. ಹೊಸ ಸಾಮಾನು ಹಾಕಿದ ಕಡೆಯೇ ಕಣ್ಣು, ಹಿಂದೆ ಯಾರು ನೋಡುತ್ತಾರೆ ಅಲ್ವಾ? ಚಕ್ರ ತಿರುಗಿಸುವಾಗ ಸಣ್ಣಗೆ ಉಜ್ಜುವ ಸದ್ದು ಬರುವವರೆಗೆ ಬಿಗಿ ಮಾಡಿ, ಸದ್ದು ನಿಲ್ಲುವಷ್ಟು ಹಿಂದಕ್ಕೆ ಬಿಟ್ಟೆ. ಪೆಡಲ್ ಎರಡು ಬೆರಳು ಮೇಲೆ ಬಂತು.

ಖಾಲಿ ಮೈದಾನದ ಸಡಿಲ ಮಣ್ಣಿನಲ್ಲಿ ಜೋರಾಗಿ ತುಳಿದು ನೋಡಿದಾಗ ಹಿಂದಿನ ಚಕ್ರಗಳೇ ಮೊದಲು ಲಾಕ್ ಆಗಿ ಹಿಂಭಾಗ ಪಕ್ಕಕ್ಕೆ ಸರಿಯಿತು. ಖಾಲಿ ಜೀಪಿನ ಹಿಂಭಾಗ ಹಗುರ, ಅದರ ಮೇಲೆ ಈಗ ಬಿಗಿಯಾದ ಡ್ರಮ್. ಹಿಂದಿನ ಬ್ರೇಕಿಗೆ ಹೋಗುವ ಒತ್ತಡ ಕಮ್ಮಿ ಮಾಡಲು, ಆ ಲೈನಿಗೆ ತಿರುಗಿಸಿ ಹೊಂದಿಸುವ ಪ್ರಪೋರ್ಷನಿಂಗ್ ವಾಲ್ವ್ ಹಾಕಿದೆ. ಅರ್ಧ ಸುತ್ತು ತಿರುಗಿಸು, ಓಡಿಸು, ತುಳಿ, ಇಳಿದು ಚಕ್ರದ ಗುರುತು ನೋಡು. ಹೀಗೆ ಒಂಬತ್ತು ಸಲ ಮಾಡಿದ ಮೇಲೆ ಮುಂದಿನ ಚಕ್ರ ಮೊದಲು, ಅದರ ಹಿಂದೆಯೇ ಹಿಂದಿನದು ಅನ್ನುವ ಹಂತಕ್ಕೆ ಬಂತು. ಅಲ್ಲಿಗೆ ನಟ್ಟು ಬಿಗಿ ಮಾಡಿ, ಯಾರೂ ಮುಟ್ಟದ ಹಾಗೆ ಬಣ್ಣದ ಗೆರೆ ಎಳೆದೆ.

ಪೈಪುಗಳ ವಿಷಯದಲ್ಲಿ ಎರಡು ಮಾತು. ತಾಮ್ರದ ಪೈಪ್ ಬಗ್ಗಿಸೋದು ಸುಲಭ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಬ್ರೇಕಿಗೆಂದೇ ಮಾಡಿದ ಸ್ಟೀಲ್ ಪೈಪ್ ಹಾಕಿ. ಹಳೆಯ ಗಾಡಿಯ ನಟ್ಟು ಇಂಚಿನದು, ಹೊಸ ಕ್ಯಾಲಿಪರಿನದು ಮಿಲಿಮೀಟರಿನದು ಇರಬಹುದು. ಎರಡು ಸುತ್ತು ಹೋದ ಹಾಗೆ ಮಾಡಿ ಆಮೇಲೆ ಕಚ್ಚಿಕೊಳ್ಳುತ್ತದೆ. ಒತ್ತಿ ತಿರುಗಿಸಿದರೆ ಕ್ಯಾಲಿಪರ್ ಹೋಯಿತು. ಬ್ರೇಕ್ ಆಯಿಲ್ ನಾನು ಡಾಟ್ 4 ದರ್ಜೆಯದು ಹಾಕಿದೆ. ಹೊಸದರಲ್ಲಿ ಅದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ನೀರಿನ ಪಸೆ ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಳ್ಳಕ್ಕಿಳಿಯುವ ಗಾಡಿಯಾದ್ದರಿಂದ ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ.

ಹೊಸ ಪ್ಯಾಡ್ ಪಳಗಲು ಖಾಲಿ ರಸ್ತೆಯಲ್ಲಿ 50ರಿಂದ 10ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸಿ, ಹೀಗೆ ಇಪ್ಪತ್ತು ಸಲ ಮಾಡಿದೆ. ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ಆರಲು ಬಿಟ್ಟೆ. 500 ಕಿಲೋಮೀಟರ್ ಆದ ಮೇಲೆ ಚಕ್ರ ಬಿಚ್ಚಿ ಎಲ್ಲ ಬೋಲ್ಟಿಗೆ ಟಾರ್ಕ್ ರೆಂಚ್ ಹಾಕಿದೆ. ಬಲಗಡೆಯ ಹೋಸ್ ಕ್ಯಾಲಿಪರಿಗೆ ಸೇರುವ ಕಡೆ ಸ್ವಲ್ಪ ಒದ್ದೆ ಇತ್ತು. ಕ್ಯಾಲಿಪರ್ ಅದಲುಬದಲು ಮಾಡಿದ ದಿನ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದೆ. ಎರಡು ಹೊಸ ವಾಷರ್ ಹಾಕಿ, ತಮ್ಮನನ್ನು ಮತ್ತೆ ಸೀಟಿಗೆ ಕರೆದೆ. ಅವನು ಬಂದವನೇ ಮೊದಲು ಬಗ್ಗಿ ನಿಪ್ಪಲ್ ಎಲ್ಲಿದೆ ಅಂತ ನೋಡಿದ.