ಅಜ್ಜಿಯ ಹಚ್ಚೆ ನನ್ನ ಕೈಗೆ ಬಂದದ್ದು

ನಮ್ಮಜ್ಜಿಯ ಎಡಗೈ ಮೇಲೆ ಚುಕ್ಕಿ ರಂಗೋಲಿಯ ಹಚ್ಚೆ ಇದೆ. ಮಾಸಿ ಹಸಿರಾಗಿದೆ. ಅದನ್ನೇ ನನ್ನ ಕೈಗೂ ಹಾಕಿಸಿಕೊಳ್ಳಬೇಕು ಅಂತ ಪಿಯುಸಿಯಿಂದ ಆಸೆ. ಹಾಕಿಸಿಕೊಂಡಿದ್ದು ಮೂವತ್ತಕ್ಕೆ. ತಡವಾಗಿದ್ದು ನನ್ನ ಕಿವಿಯಿಂದ.

ಡಿಗ್ರಿಯಲ್ಲಿದ್ದಾಗ ಚಿಕ್ಕಮಗಳೂರಿನ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಕಿವಿಯ ಮೇಲ್ತುದಿಗೆ ಗನ್‌ನಲ್ಲಿ ಚುಚ್ಚಿಸಿಕೊಂಡಿದ್ದೆ. ಟಕ್ ಅಂತು, ಮುಗೀತು. ಐದನೇ ದಿನಕ್ಕೆ ಕಿವಿ ಕೆಂಪಗೆ ಊದಿಕೊಂಡು, ದಿಂಬಿಗೆ ತಲೆ ಇಡಲಾಗಲಿಲ್ಲ. ಡಾಕ್ಟರ್ ಚೆನ್ನಾಗಿ ಬೈದರು. ಅಲ್ಲಿರುವುದು ಮೆದು ಮೂಳೆ, ರಕ್ತದ ಓಡಾಟ ಕಮ್ಮಿ. ಕೀವಾದರೆ ಬೇಗ ವಾಸಿಯಾಗುವುದಿಲ್ಲ, ಬಿಟ್ಟರೆ ಕಿವಿಯ ಆಕಾರವೇ ಕೆಡುತ್ತದೆ. ಗನ್ನು ಮೊಂಡು ಓಲೆಯನ್ನು ಬಲವಂತವಾಗಿ ನೂಕುತ್ತದೆ. ಪ್ಲಾಸ್ಟಿಕ್ ಗನ್ನನ್ನು ಆಟೋಕ್ಲೇವ್‌ಗೆ, ಅಂದರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರಕ್ಕೆ, ಹಾಕಲೂ ಆಗುವುದಿಲ್ಲ, ಆ ಬಿಸಿಗೆ ಹಾಳಾಗುತ್ತದೆ. ಹಾಗಾಗಿ ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ. ಓಲೆ ತೆಗೆಸಿ, ಮಾತ್ರೆ ನುಂಗಿ, ಆ ತೂತು ಮುಚ್ಚಿಹೋಯಿತು.

ಅದಕ್ಕೇ ಹಚ್ಚೆ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹುಷಾರಾದೆ. ಮೊದಲು ಹೆಪಟೈಟಿಸ್ ಬಿ ಲಸಿಕೆ. ಅದು ರಕ್ತ ಅಂಟಿದ ಸೂಜಿಯಿಂದಲೂ ಹರಡುವ ಲಿವರ್ ಕಾಯಿಲೆ. ಮೊದಲ ಚುಚ್ಚುಮದ್ದಾಗಿ ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಈ ವೈರಸ್ ಮೈಯಿಂದ ಹೊರಗೆ ಬಿದ್ದ ಮೇಲೂ ಏಳು ದಿನ ಬದುಕಿರಬಲ್ಲದು. ಅಜ್ಜಿಗೆ ಇದನ್ನು ಹೇಳಿದರೆ ನಕ್ಕರು. ಅವರ ಕಾಲದಲ್ಲಿ ಹಚ್ಚೆಯವಳು ಜಗಲಿ ಮೇಲೆ ಕೂತು ಏಳೆಂಟು ಹುಡುಗಿಯರಿಗೆ ಒಂದೇ ಸೂಜಿ ಕಟ್ಟಿನಲ್ಲಿ ಚುಚ್ಚಿದ್ದಳಂತೆ, ಕೂಲಿ ಒಂದು ಮೊರ ಅಕ್ಕಿ. "ನಮಗೇನಾಯ್ತೇ?" ಅಂದರು. ಪುಣ್ಯ, ಏನೂ ಆಗಲಿಲ್ಲ.

ಮೊದಲು ಹೋದ ಹಚ್ಚೆ ಅಂಗಡಿಯಲ್ಲಿ ಎಸಿ, ಲೈಟು ಎಲ್ಲ ಜೋರಾಗಿತ್ತು. ಸೂಜಿ ಮಾತ್ರ ತೆರೆದ ಡಬ್ಬಿಯಿಂದ ಬಂತು. "ಡೆಟಾಲ್‌ನಲ್ಲಿ ಅದ್ದಿರ್ತೀವಿ ಮೇಡಂ" ಅಂದರು. ಫೋನ್ ಬಂದಂತೆ ಮಾಡಿ ಎದ್ದು ಬಂದೆ. ಎದುರಿಗೇ ಬೇಡ ಅನ್ನುವ ಧೈರ್ಯ ಆಗ ಇರಲಿಲ್ಲ.

ಎರಡನೆಯದು ಚಿಕ್ಕ ಕೋಣೆ. ಹುಡುಗ ಸೀಲಾದ ಪ್ಯಾಕೆಟ್ಟನ್ನು ನನ್ನ ಕಣ್ಣೆದುರು ತೋರಿಸಿ, ತಾರೀಕು ಓದಿಸಿ, ಹರಿದ. ಮಸಿಯನ್ನು ದೊಡ್ಡ ಬಾಟಲಿಯಿಂದ ಬೆರಳುಗುರಿನಷ್ಟು ಪುಟ್ಟ ಕಪ್ಪಿಗೆ ಹನಿಸಿದ. ಮಿಕ್ಕಿದ್ದನ್ನು ಚೆಲ್ಲುತ್ತಾನೆ, ವಾಪಸ್ ಬಾಟಲಿಗೆ ಸುರಿಯುವುದಿಲ್ಲ. ಕೈ ಮೇಲಿನ ಕೂದಲು ಹೆರೆಯಲು ಹೊಸ ರೇಜರ್. ಮಷಿನ್‌ಗೂ ಅದರ ವೈರ್‌ಗೂ ಪ್ಲಾಸ್ಟಿಕ್ ಸುತ್ತಿತ್ತು. ನಡುವೆ ಅವನ ಫೋನ್ ರಿಂಗಾಯಿತು. ಗ್ಲೌಸ್ ಕೈಯಲ್ಲೇ ತೆಗೆದು ಕಟ್ ಮಾಡಿದ. ನಾನು ಅವನ ಕೈಯನ್ನೇ ನೋಡಿದೆ. "ಸಾರಿ ಅಕ್ಕ" ಅಂತ ಗ್ಲೌಸ್ ಕಿತ್ತು ಬಿಸಾಡಿ, ಕೈ ತೊಳೆದು, ಹೊಸದು ಹಾಕಿಕೊಂಡ. ಅಲ್ಲಿಂದ ನಾನು ನಿಶ್ಚಿಂತೆ. ತಪ್ಪು ಆಗುತ್ತದೆ, ತಿದ್ದಿಕೊಂಡನಲ್ಲ.

ತಿಂಗಳು ಫೆಬ್ರವರಿ. ಬೇಕಂತಲೇ ಆರಿಸಿದ್ದು. ಕಾಫಿ ಕೊಯ್ಲು ಮುಗಿದಿತ್ತು, ಹೂಮಳೆ ಬಂದಿರಲಿಲ್ಲ. ನಮ್ಮ ಮಲೆನಾಡಿನ ಜುಲೈನಲ್ಲಿ ಒದ್ದೆ ಜರ್ಕಿನ್ ತೋಳಿಗೆ ಉಜ್ಜುತ್ತಿದ್ದರೆ ಗಾಯ ಹೇಗೆ ಒಣಗಬೇಕು?

ಮನೆಯಲ್ಲಿ ದಿನಕ್ಕೆರಡು ಸಲ, ಕೈ ತೊಳೆದುಕೊಂಡು, ವಾಸನೆಯಿಲ್ಲದ ಸೋಪಿನಲ್ಲಿ ತೊಳೆದು ಟಿಶ್ಯೂನಲ್ಲಿ ಒತ್ತಿ ಒರೆಸುತ್ತಿದ್ದೆ. ಟವೆಲ್ ಬೇಡ. ಮುಲಾಮು ತೆಳ್ಳಗೆ. ಅಜ್ಜಿ ಅರಿಶಿನ ಹಿಡಿದು ಎರಡು ಸಲ ಬಂದರು, ಎರಡು ಸಲವೂ ವಾಪಸ್ ಕಳಿಸಿದೆ. ಐದನೇ ದಿನಕ್ಕೆ ಸಿಪ್ಪೆ ಏಳತೊಡಗಿ ಸಿಕ್ಕಾಪಟ್ಟೆ ತುರಿಕೆ. ಕೆರೆಯದೆ, ಮೆಲ್ಲಗೆ ತಟ್ಟಿಕೊಂಡೇ ಕಳೆದೆ. ಎಂಟನೇ ದಿನ ಗೆಳತಿಯರು ಹೆಬ್ಬೆ ಜಲಪಾತಕ್ಕೆ ಹೊರಟರು. ನಾನೂ ಹೋದೆ. ಅವರು ನೀರಿಗಿಳಿದರು, ನಾನು ಬಂಡೆ ಮೇಲೆ ಅವರ ಚಪ್ಪಲಿ ಕಾದೆ. ಮೂರು ವಾರ ನೀರಲ್ಲಿ ನೆನೆಯಬಾರದಿತ್ತು.

ಒಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಏಪ್ರಿಲ್‌ನಲ್ಲಿ ರಕ್ತದಾನ ಶಿಬಿರಕ್ಕೆ ಹೋದರೆ ಕೈ ನೋಡಿ ವಾಪಸ್ ಕಳಿಸಿದರು. ಹಚ್ಚೆ ಹಾಕಿಸಿದ ಮೇಲೆ, ಕಿವಿ-ಮೂಗು ಚುಚ್ಚಿಸಿದ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ.

ವಾಸಿಯಾದ ಮೇಲೆ ಅಜ್ಜಿ ನನ್ನ ಕೈಯನ್ನು ತಮ್ಮ ಕೈ ಪಕ್ಕ ಇಟ್ಟುಕೊಂಡು ಬೆರಳಿಟ್ಟು ಎಣಿಸಿದರು. ನನ್ನದರಲ್ಲಿ ಒಂದು ಚುಕ್ಕಿ ಕಮ್ಮಿಯಂತೆ.