48,000 ಕಿಲೋಮೀಟರಿಗೆ ಮರುಳಾಗಲಿದ್ದೆ

ಜಪಾನಿನಿಂದ ಬಂದ ಸೆಕೆಂಡ್‌ಹ್ಯಾಂಡ್ ಟೊಯೋಟಾ ಆಕ್ವಾ ಹೈಬ್ರಿಡ್ ಕಾರು ಹುಡುಕುತ್ತಿದ್ದಾಗ ಮೊದಲು ಸಿಕ್ಕ ಗಾಡಿಗೆ ಅಲ್ಲೇ ಮುಂಗಡ ಕೊಡುವವನಿದ್ದೆ. ಓಡೋಮೀಟರಿನಲ್ಲಿ 48,000 ಕಿ.ಮೀ., ಬಣ್ಣ ಹೊಸದರಂತೆ. ಒಳಗೆ ಕೂತಾಗ ಮಾತ್ರ ಕಸಿವಿಸಿಯಾಯಿತು. ಸ್ಟೀರಿಂಗ್ ಸವೆದು ನುಣ್ಣಗಾಗಿತ್ತು, ಬ್ರೇಕ್ ಪೆಡಲಿನ ರಬ್ಬರು ಒಂದು ಅಂಚಿನಲ್ಲಿ ತೆಳ್ಳಗಾಗಿತ್ತು. ಆಕ್ಷನ್ ಶೀಟ್ (ಜಪಾನಿನ ಹರಾಜಿನಲ್ಲಿ ಗಾಡಿಯ ಸ್ಥಿತಿಯನ್ನು ಬರೆದಿಡುವ ಹಾಳೆ) ಕೇಳಿದರೆ ಮಾರುವವರು ಕಳೆದುಹೋಗಿದೆ ಎಂದರು. ಚಾಸಿ ನಂಬರ್ ಬರೆದುಕೊಂಡು ಬಂದು, ಹಣ ಕೊಟ್ಟು ಹರಾಜಿನ ದಾಖಲೆ ತೆಗೆಸಿದೆ. ಹರಾಜಾದ ದಿನವೇ ಅದು 1,12,000 ಕಿ.ಮೀ. ಓಡಿತ್ತು.

ಅಂದಿನಿಂದ ಶೀಟ್ ಇಲ್ಲದ ಗಾಡಿಯನ್ನು ನೋಡಲೇ ಹೋಗಲಿಲ್ಲ. ಶೀಟ್ ತೋರಿಸಿದರೂ ಅದು ಅಸಲಿಯೇ ಎಂದು ಚಾಸಿ ನಂಬರಿನಿಂದ ನಾನೇ ಪರೀಕ್ಷಿಸಿಕೊಂಡೆ, ಏಕೆಂದರೆ ನಕಲಿ ಶೀಟುಗಳೂ ಓಡಾಡುತ್ತವೆ.

ಶೀಟ್ ಓದಲು ಒಂದು ಸಂಜೆ ಸಾಕಾಯಿತು. ಮೇಲೆ ಒಟ್ಟಾರೆ ದರ್ಜೆ: 5, 4.5, 4, 3.5 ಹೀಗೆ. ಪಕ್ಕದಲ್ಲಿ ಒಳಭಾಗಕ್ಕೆ ಎ, ಬಿ, ಸಿ. ಕೆಳಗೆ ಕಾರಿನ ಚಿತ್ರದ ಮೇಲೆ ಗುರುತುಗಳು: ಎ ಎಂದರೆ ಗೀರು, ಯು ಎಂದರೆ ತಗ್ಗು, ಡಬ್ಲ್ಯೂ ಎಂದರೆ ರಿಪೇರಿ ಮಾಡಿ ಬಣ್ಣ ಬಳಿದದ್ದು, ಎಸ್ ಎಂದರೆ ತುಕ್ಕು, ಎರಡು ಎಕ್ಸ್ ಇದ್ದರೆ ಆ ಭಾಗವನ್ನೇ ಬದಲಿಸಿದ್ದು. ಈ ಅಕ್ಷರಗಳ ಪಕ್ಕದ ಅಂಕಿ ಹೆಚ್ಚಿದಷ್ಟೂ ದೋಷ ದೊಡ್ಡದು. ದರ್ಜೆಯ ಜಾಗದಲ್ಲಿ ಆರ್ ಅಥವಾ ಆರ್‌ಎ ಕಂಡರೆ, ಅಂದರೆ ಅಪಘಾತದ ರಿಪೇರಿ ಆಗಿದ್ದರೆ, ನಾನು ಮುಂದಕ್ಕೆ ಓದುತ್ತಿರಲಿಲ್ಲ. ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಬಂಪರ್, ಬಾಗಿಲು, ಬಾನೆಟ್ ಬದಲಿಸಿದ್ದನ್ನು ಅಲ್ಲಿ ಅಪಘಾತದ ರಿಪೇರಿ ಎಂದು ಎಣಿಸುವುದಿಲ್ಲ. ಪಿಲ್ಲರ್, ಸೈಡ್ ಮೆಂಬರ್‌ನಂಥ ಅಸ್ಥಿಪಂಜರಕ್ಕೇ ಪೆಟ್ಟು ಬಿದ್ದಿದ್ದರೆ ಮಾತ್ರ ಆ ಅಕ್ಷರ ಬೀಳುತ್ತದೆ.

ಕೊನೆಗೆ ಒಪ್ಪಿದ ಗಾಡಿ 91,000 ಕಿ.ಮೀ. ಓಡಿತ್ತು. ದರ್ಜೆ 4, ಒಳಗೆ ಬಿ, ಬಲ ಫೆಂಡರ್ ಮೇಲೆ ಡಬ್ಲ್ಯೂ2. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಆ ಫೆಂಡರಿನಲ್ಲಿ ಸಣ್ಣ ಅಲೆ ಕಾಣುತ್ತಿತ್ತು. ಶೀಟ್ ನಿಜ ಹೇಳುತ್ತಿದೆ ಎಂದು ನನಗೆ ಅಲ್ಲೇ ಧೈರ್ಯ ಬಂತು. ದಾಖಲೆಯಲ್ಲಿ ಮೊದಲ ನೋಂದಣಿ ಹೇಸೇ 26 ಎಂದಿತ್ತು; ಹೇಸೇ, ರೇವಾ ಎಂಬವು ಜಪಾನಿನ ಚಕ್ರವರ್ತಿಗಳ ಆಳ್ವಿಕೆಯ ಶಕಗಳು. ಹೇಸೇ ವರ್ಷಕ್ಕೆ 1988 ಕೂಡಿಸಬೇಕು, ಅಂದರೆ 2014. (ರೇವಾ ಎಂದಿದ್ದರೆ 2018 ಕೂಡಿಸಬೇಕು.)

ಶೀಟಿನ ಮೂಲೆಯಲ್ಲಿ ಜಪಾನಿ ಕೈಬರಹದ ಟಿಪ್ಪಣಿಗಳಿದ್ದವು. ಮಾರುವವರು ಕೊಟ್ಟ ಅನುವಾದದಲ್ಲಿ ಅವುಗಳ ಸುದ್ದಿಯೇ ಇರಲಿಲ್ಲ. ಆ ಭಾಷೆ ಬಲ್ಲ ಸ್ನೇಹಿತನಿಂದ ಓದಿಸಿದೆ. "ಶಿತಮವಾರಿ ಸಾಬಿ", ಗಾಡಿಯಡಿ ತುಕ್ಕು. ಉತ್ತರ ಜಪಾನಿನ ಹೊಕ್ಕೈದೋದಂಥ ಹಿಮ ಬೀಳುವ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪಿನಂಥದ್ದನ್ನು ಸುರಿಯುತ್ತಾರೆ, ಅದು ಅಡಿಭಾಗವನ್ನು ತಿನ್ನುತ್ತದೆ. ಗಾಡಿಯನ್ನು ಲಿಫ್ಟಿಗೆ ಏರಿಸದೆ ಮಾತೇ ಬೇಡ ಎಂದೆ. ಸೈಲೆನ್ಸರ್ ಮತ್ತು ಸಸ್ಪೆನ್ಷನ್ ತೋಳುಗಳ ಮೇಲೆ ಕೆಂಪು ಪುಡಿ ಇತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತಾ ಹೋದರು. ಎಲ್ಲೂ ಸದ್ದು ಮಂಕಾಗಲಿಲ್ಲ, ತಗಡು ಒಳಸರಿಯಲಿಲ್ಲ. ಆ ಒಂದು ಸಾಲನ್ನು ಮುಂದಿಟ್ಟುಕೊಂಡೇ ಬೆಲೆ ಇಳಿಸಿದೆ.

ಹೈಬ್ರಿಡ್ ಗಾಡಿಯ ಬ್ಯಾಟರಿಯನ್ನು ಕಣ್ಣಿನಿಂದ ಅಳೆಯಲಾಗದು. ಸ್ಕ್ಯಾನರ್ ಸಿಕ್ಕಿಸಿ ಏರುದಾರಿಯಲ್ಲಿ ಓಡಿಸಿದೆವು. ಭಾರ ಬಿದ್ದಾಗ ಬ್ಯಾಟರಿಯೊಳಗಿನ ಯಾವುದೋ ಒಂದು ಬ್ಲಾಕಿನ (ಸೆಲ್ಲುಗಳ ಗುಂಪಿನ) ವೋಲ್ಟೇಜ್ ಮಾತ್ರ ಉಳಿದವುಗಳಿಗಿಂತ ಬಹಳ ಕೆಳಗೆ ಬಿದ್ದರೆ ಅಲ್ಲಿ ರೋಗವಿದೆ ಎಂದರ್ಥ. ನನ್ನದರಲ್ಲಿ ಎಲ್ಲವೂ ಜೊತೆಜೊತೆಗೇ ಇಳಿದು ಏರಿದವು. ಹಿಂದಿನ ಸೀಟಿನ ಪಕ್ಕ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಮಾತ್ರ ಧೂಳು, ಕೂದಲಿನಿಂದ ಕಟ್ಟಿಕೊಂಡಿತ್ತು. ಇದನ್ನು ಹಾಗೇ ಬಿಟ್ಟರೆ ಬ್ಯಾಟರಿ ಕಾದು ಬೇಗ ಸಾಯುತ್ತದೆ. ತಂದ ದಿನವೇ ಬಿಚ್ಚಿ ತೊಳೆದೆ.

ಟಕಾಟಾ ಕಂಪನಿಯ ದೋಷವಿದ್ದ ಏರ್‌ಬ್ಯಾಗಿನ ರೀಕಾಲ್ (ತಯಾರಕರು ಗಾಡಿಯನ್ನು ವಾಪಸು ಕರೆದು ಸರಿಪಡಿಸಿಕೊಡುವುದು) ಆಗಿದೆಯೇ ಎಂದು ನೋಡಲು ಹೋದಾಗ ಇನ್ನೊಂದು ತೊಡಕು. ಜಪಾನಿನ ಒಳಮಾರುಕಟ್ಟೆಯ ಗಾಡಿಗೆ ಬೇರೆ ಕಡೆಯ ಗಾಡಿಗಳಿಗಿರುವಂಥ 17 ಅಕ್ಷರಗಳ ಗುರುತಿನ ನಂಬರ್ ಇರುವುದಿಲ್ಲ, ಎನ್‌ಎಚ್‌ಪಿ10 ಎಂಬ ಮಾದರಿ ಸಂಕೇತದ ಮುಂದೆ ಕ್ರಮಸಂಖ್ಯೆ ಅಷ್ಟೇ. ಬೇರೆ ದೇಶದ ಪುಟಗಳು ಅದನ್ನು ಒಪ್ಪಲಿಲ್ಲ, ತಯಾರಕರ ಜಪಾನಿ ಪುಟದಲ್ಲೇ ಉತ್ತರ ಸಿಕ್ಕಿತು.

ಟೈರುಗಳ ಮೇಲೆ 2915 ಎಂದಿತ್ತು: 2015ರ 29ನೇ ವಾರದ ತಯಾರಿ. ಗೆರೆಗಳು ಆಳವಾಗೇ ಇದ್ದವು, ಆದರೂ ತೀರಾ ಹಳತಾಗಿದ್ದರಿಂದ ನಾಲ್ಕನ್ನೂ ಬದಲಿಸಿಯೇ ಮನೆಯವರನ್ನು ಕೂರಿಸಿಕೊಂಡು ಹೊರಟೆ.