ಕ್ಯಾಮೆರಾ ಬದಿಗಿಟ್ಟು ಪಾಠ ಮಾಡಿದ್ದು

ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುತ್ತೇನೆ. ಡಿಸ್ಟೋಪಿಯನ್ ಕಾದಂಬರಿಗಳ, ಅಂದರೆ ಜನರನ್ನು ಪೂರ್ತಿ ಹಿಡಿತದಲ್ಲಿಟ್ಟುಕೊಂಡ ಕರಾಳ ಸಮಾಜಗಳನ್ನು ಕಲ್ಪಿಸುವ ಕಥೆಗಳ ಪಾಠ ಎಂದೊಡನೆ ವಿದ್ಯಾರ್ಥಿಗಳು ಕ್ಯಾಮೆರಾದ ಮಾತೆತ್ತುತ್ತಾರೆ. ಈ ಊರಿನ ಸಿಗ್ನಲ್‌ಗಳಲ್ಲಿ ನಿಂತು ಬರುವವರಿಗೆ ಅದು ಸಹಜ. ಆದ್ದರಿಂದ ಮೊದಲೇ ಷರತ್ತು ಹಾಕುತ್ತೇನೆ: ಕ್ಯಾಮೆರಾ, ಪೊಲೀಸು, ಜೈಲು ಬೇಡ. ಇವಿಲ್ಲದೆಯೂ ಸರ್ಕಾರದ ಕೆಲಸವನ್ನು ಮಾಡಿಕೊಡುವವರು ಯಾರು, ಹುಡುಕಿ.

ಜಾರ್ಜ್ ಆರ್ವೆಲ್‌ನ ‘1984’ರಲ್ಲಿ ಪಾರ್ಸನ್ಸ್ ಎಂಬವನನ್ನು ಹಿಡಿಸುವವಳು ಅವನ ಏಳು ವರ್ಷದ ಮಗಳು. ನಿದ್ದೆಯಲ್ಲಿ ಅವನು ದೊರೆಗೆ ಧಿಕ್ಕಾರ ಕೂಗಿದ್ದನ್ನು ಬೀಗದ ಕಿಂಡಿಯಿಂದ ಕೇಳಿ ದೂರು ಕೊಡುತ್ತಾಳೆ. ಸೆರೆಮನೆಯಲ್ಲಿ ಕುಳಿತ ಅಪ್ಪನಿಗೆ ಮಗಳ ಬಗ್ಗೆ ಹೆಮ್ಮೆ! ಇದು ಉತ್ಪ್ರೇಕ್ಷೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ಪ್ರಾಥಮಿಕ ಶಾಲೆಯ ಕ್ಲಾಸ್ ಲೀಡರನ್ನು ನೆನಪಿಸುತ್ತೇನೆ. ಮೇಷ್ಟರು ಹೊರಗೆ ಹೋದಾಗ ಮಾತನಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆದು, ಮತ್ತೆ ಮಾತನಾಡಿದರೆ ಮುಂದೆ ಇಂಟು ಮಾರ್ಕು ಹಾಕುತ್ತಿದ್ದವನು. ಒಮ್ಮೆ ಒಬ್ಬ ಹುಡುಗಿ, “ಸರ್, ಬರೆಯುತ್ತಿದ್ದವಳು ನಾನೇ. ಗೆಳತಿಯ ಹೆಸರು ಬಿಟ್ಟರೆ ಉಳಿದವರು ನನ್ನ ಮೇಲೆಯೇ ಚಾಡಿ ಹೇಳುತ್ತಿದ್ದರು” ಎಂದಳು. ನನ್ನ ಟಿಪ್ಪಣಿಗಳಲ್ಲಿ ಇಷ್ಟು ಚೆನ್ನಾದ ವಿವರಣೆ ಇರಲಿಲ್ಲ.

ಅದೇ ಕಾದಂಬರಿಯಲ್ಲಿ ಚಾಕೊಲೇಟ್ ಪಡಿತರ 30 ಗ್ರಾಂನಿಂದ 20ಕ್ಕೆ ಇಳಿಯುತ್ತದೆ. ಕಡಿತ ಮಾಡುವುದಿಲ್ಲ ಎಂಬ ಸರ್ಕಾರದ ಹಳೆಯ ಭರವಸೆಯನ್ನು ದಾಖಲೆಗಳಲ್ಲಿ ತಿದ್ದುವವನು ಕಥಾನಾಯಕ ವಿನ್‌ಸ್ಟನ್ನೇ. ಕಡಿತ ಪ್ರಕಟವಾದ ಮರುದಿನವೇ, 20ಕ್ಕೆ ಏರಿಸಿದ್ದಕ್ಕಾಗಿ ಜನ ಕೃತಜ್ಞತಾ ಮೆರವಣಿಗೆ ನಡೆಸಿದರೆಂಬ ಸುದ್ದಿ ಬರುತ್ತದೆ. ಆ ಎರಡೂ ದಿನಗಳ ಪತ್ರಿಕಾ ಪ್ರಕಟಣೆಯನ್ನು ಕನ್ನಡದಲ್ಲಿ ಬರೆಯಿರಿ ಎನ್ನುತ್ತೇನೆ. ಪ್ರಬಂಧ ಬರೆಯಲು ಒದ್ದಾಡುವವರೂ ಇದನ್ನು ಸರಾಗವಾಗಿ ಬರೆಯುತ್ತಾರೆ. ‘ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ’ ಎಂಬ ಧಾಟಿ ನಮಗೆಲ್ಲ ಬಾಯಿಪಾಠವಲ್ಲವೇ?

ಆಲ್ಡಸ್ ಹಕ್ಸ್‌ಲಿಯ 1932ರ ಕಾದಂಬರಿ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಜನರನ್ನು ಖುಷಿಯಾಗಿಡುವ ಸೋಮ ಮಾತ್ರೆಗೆ ಹೆಚ್ಚು ಸಮಯ ಕೊಡುವುದಿಲ್ಲ, ಅದು ಬೇಗ ಅರ್ಥವಾಗುತ್ತದೆ. ಮಾರ್ಗರೆಟ್ ಅಟ್‌ವುಡ್‌ರ 1985ರ ಕಾದಂಬರಿ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ತರಗತಿಯನ್ನು ಹೆಚ್ಚು ಕೆಣಕುತ್ತದೆ. ಅಲ್ಲಿ ಹೆಂಗಸರ ಬ್ಯಾಂಕ್ ಖಾತೆಗಳು ಒಂದೇ ದಿನದಲ್ಲಿ ನಿಂತುಹೋಗುತ್ತವೆ, ನೌಕರಿಯೂ ಹೋಗುತ್ತದೆ. ಗಂಡನಾದವನು ಪ್ರೀತಿಯಿಂದಲೇ “ನಾನಿದ್ದೇನಲ್ಲ” ಎನ್ನುವಂತೆ ನಡೆದುಕೊಳ್ಳುತ್ತಾನೆ. ಚಹಾದ ದುಡ್ಡನ್ನೂ ಮೊಬೈಲಿನಲ್ಲೇ ಕೊಡುವ ಹುಡುಗಿಯರು ಆ ಗಂಡನ ಮೇಲೆ ಸರ್ಕಾರಕ್ಕಿಂತ ಹೆಚ್ಚು ಸಿಟ್ಟಾಗುತ್ತಾರೆ. ಸರಿಯಾದ ಸಿಟ್ಟು.

ಕೊನೆಗೆ ಅವರನ್ನು ಫ್ರೀಡಂ ಪಾರ್ಕಿಗೆ ಕರೆದೊಯ್ಯುತ್ತೇನೆ. ಅದು ಹಿಂದಿನ ಸೆಂಟ್ರಲ್ ಜೈಲು. ಕಾವಲು ಗೋಪುರ ಈಗಲೂ ಇದೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇಲ್ಲಿದ್ದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಇಲ್ಲಿಯೇ ಆಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆದರೆ ತುರ್ತುಪರಿಸ್ಥಿತಿಯನ್ನೂ ಆರ್ವೆಲ್‌ನ ಕಾದಂಬರಿಯನ್ನೂ ಒಂದೇ ಎನ್ನಲು ನಾನು ಬಿಡುವುದಿಲ್ಲ: ಇಲ್ಲಿ ಅದೇ ವರ್ಷ ಚುನಾವಣೆ ನಡೆದು ಸರ್ಕಾರ ಸೋತಿತು. ಆರ್ವೆಲ್‌ನ ಲೋಕದಲ್ಲಿ ಆ ದಾರಿಯೇ ಇಲ್ಲ.

ಅಲ್ಲಿ ಕುಳಿತಾಗ ಬರುವ ಪ್ರಶ್ನೆ: ‘1984’ರಲ್ಲಿ ಜನಸಂಖ್ಯೆಯ ಶೇ. 85ರಷ್ಟಿರುವ ಪ್ರೋಲ್‌ಗಳ, ಅಂದರೆ ದುಡಿಯುವ ಬಡಜನರ ಮನೆಗಳಲ್ಲಿ ಬಹುಪಾಲು ಟೆಲಿಸ್ಕ್ರೀನ್ (ನೋಡುವವರನ್ನೇ ನೋಡುವ ಟಿ.ವಿ. ಪರದೆ) ಇಲ್ಲವಲ್ಲ, ಅವರೇಕೆ ದಂಗೆ ಏಳುವುದಿಲ್ಲ? ಉತ್ತರವನ್ನು ನಾನು ಹೇಳುವುದಿಲ್ಲ. ಆ ಕಾದಂಬರಿಯ ಲಾಟರಿ ಪ್ರಸಂಗವನ್ನು ಓದಿಕೊಂಡು ಬರಲು ಹೇಳುತ್ತೇನೆ. ಜನ ಅಂಕಿಗಳ ಲೆಕ್ಕಾಚಾರದಲ್ಲಿ ಮುಳುಗಿರುತ್ತಾರೆ. ದೊಡ್ಡ ಬಹುಮಾನ ಗೆದ್ದವರು ಮಾತ್ರ ಎಲ್ಲಿಯೂ ಇರುವುದಿಲ್ಲ.